ದಾರಿಗೆ ಸುಟ್ಟ ರೊಟ್ಟಿ

ಬೀಳ್ಕೊಡಲು ಬಂದವರನ್ನೆಲ್ಲ ಹಾಜೆರ್ ಮೆಟ್ಟಿಲ ಮೇಲೆ ನಿಂತು ಒಂದು ಸಲ ನೋಡಿದಳು, ಮೂಗು ಮುರಿದಳು. ಅಬ್ಬಾ, ಏನು ಬಳಗ! ಗಂಡನ ಕಡೆಯವರೆಲ್ಲ ಕಣ್ಣೊರೆಸಲು ಒಂದು ಕೈ, ಗಂಟು ಹಿಡಿಯಲು ಒಂದು ಕೈ ಎಂದು ಹಂಚಿಕೊಂಡೇ ಬಂದಿದ್ದರು. ಡೂಯ್ಸ್‌ಬುರ್ಗಿನ ಉಕ್ಕಿನ ಕಾರ್ಖಾನೆಯ ಹಿಂದಿನ ಬೀದಿಯಲ್ಲಿ ಬೇಸಿಗೆ ರಜೆಯ ಮೊದಲ ಶನಿವಾರವೆಂದರೆ ಹೀಗೇ. ತುರ್ಕಿಯ ಊರುಗಳಿಗೆ ಹೊರಟು ಸಾಲಾಗಿ ನಿಂತ ವ್ಯಾನುಗಳು, ವ್ಯಾನಿನ ನೆತ್ತಿಯ ಮೇಲೆ ಇನ್ನೊಂದು ವ್ಯಾನಿನಷ್ಟು ಸಾಮಾನು, ಸುತ್ತ ಅಳುವವರು. ಎದುರು ಮನೆಯ ಜರ್ಮನ್ ಮುದುಕಿ ಕಿಟಕಿಕಟ್ಟೆಯ ಮೇಲೆ ದಿಂಬು ಹಾಕಿ, ಮೊಣಕೈ ಊರಿ ನೋಡುತ್ತಿದ್ದಳು. ಅವಳಿಗೆ ಪುಕ್ಕಟೆ ತಮಾಷೆ.

"ಅತ್ತಿಗೆ, ಇದೊಂದು ಚಿಕ್ಕ ಸಾಮಾನು," ಎಂದ ಮೈದುನ ರಿಫ್ಕಿ. ಚಿಕ್ಕ ಸಾಮಾನನ್ನು ಎತ್ತಲು ಅವನಿಗೆ ಎರಡೂ ತೋಳು ಸಾಲುತ್ತಿರಲಿಲ್ಲ. ಹೊಲಿಗೆ ಯಂತ್ರ, ಕಂಬಳಿಯಲ್ಲಿ ಸುತ್ತಿದ್ದು.

"ಚಿಕ್ಕದಾ? ಹಾಗಿದ್ರೆ ಜೇಬಲ್ಲಿ ಇಟ್ಕೊಂಡು ನೀನೇ ಹೋಗಿ ಕೊಟ್ಟು ಬಾ."

"ಅಯ್ಯೋ, ಅಮ್ಮನಿಗೆ ಅತ್ತಿಗೆ."

"ನಿಮ್ಮಮ್ಮನಿಗೆ ಸೂಜಿಗೆ ದಾರ ಪೋಣಿಸೋಕೂ ಕಣ್ಣು ಕಾಣಲ್ಲ. ಯಾರ ಹತ್ರ ಬಿಡ್ತೀಯ ಈ ಕಥೆ?"

ರಿಫ್ಕಿ ಹಲ್ಲು ಕಿರಿದ. ಬೈಸಿಕೊಂಡೂ ಹಲ್ಲು ಕಿರಿಯುವುದು ಆ ಮನೆತನದ ಗಂಡಸರಿಗೆ ಹುಟ್ಟಿನಿಂದ ಬಂದ ವಿದ್ಯೆ. ಹಾಜೆರಳ ಗಂಡ ಜೆವ್ದೆತ್ ಏಣಿ ಹತ್ತಿ, ಟಾರ್ಪಾಲಿನ ಹಗ್ಗ ಬಿಚ್ಚತೊಡಗಿದ. ಮುಂಜಾನೆಯೆಲ್ಲ ಬಿಗಿದು ಕಟ್ಟಿದ ಹಗ್ಗ. ಹಾಜೆರ್ ಹಲ್ಲು ಕಚ್ಚಿದಳು.

ಅವಳಿಗೆ ಆತುರವಿತ್ತು. ಕಾರಣ ಆಸ್ಟ್ರಿಯಾ ಗಡಿಯ ಸಾಲೂ ಅಲ್ಲ, ಯುಗೊಸ್ಲಾವಿಯಾದ ಹಾಳು ರಸ್ತೆಯೂ ಅಲ್ಲ. ಎರಡು ಬೀದಿ ಆಚೆ, ಮಗನ ಮನೆಯಲ್ಲಿ ಜೆವ್ದೆತ್‌ನ ಅಕ್ಕ ನಾಜ್ಮಿಯೆ ಇದ್ದಳು. ವಿಧವೆಯಾದ ಮೇಲೆ ಊರಿನ ಮನೆಗೆ ಬೀಗ ಹಾಕಿ ಹೋದ ಚಳಿಗಾಲದಲ್ಲಷ್ಟೇ ಇಲ್ಲಿಗೆ ಬಂದವಳು. ಅವಳು ಈ ಬೀದಿಯ ತಿರುವಿನಲ್ಲಿ ಕಾಣಿಸುವುದರೊಳಗೆ ವ್ಯಾನು ಹೊರಟುಬಿಡಬೇಕು. ಅದಕ್ಕೆಂದೇ ಹಾಜೆರ್ ಅವಳಿಗೆ "ನಾವು ಹೊರಡೋದು ಭಾನುವಾರ" ಎಂದು ಹೇಳಿದ್ದಳು. ಗಂಡನಿಗೆ ಹೇಳಿದ್ದು ಬೇರೆ: "ನಿಮ್ಮಕ್ಕನಿಗೆ ಮಂಡಿ ನೋವಂತೆ. ಬರೋಕಾಗಲ್ಲ, ಮನೆಯಿಂದಲೇ ಹಲಾಲ್ ಅಂತ ಹೇಳಿ ಕಳಿಸಿದಾಳೆ."

ಇದು ಇವರಲ್ಲಿ ಸಣ್ಣ ವಿಷಯವಲ್ಲ. ದೂರದ ದಾರಿ ಹಿಡಿಯುವವರು ಉಳಿಯುವವರ ಮುಂದೆ ನಿಂತು, "ನಿನ್ನ ಹಕ್ಕು ಹಲಾಲ್ ಮಾಡು" ಎಂದು ಕೇಳಬೇಕು. ತಿಂದ ಅನ್ನ, ಆಡಿದ ಮಾತು, ತರಿಸಿದ ಕಣ್ಣೀರು, ಏನು ಉಳಿದಿದ್ದರೂ "ಹಲಾಲ್ ಆಗಲಿ" ಎಂದು ಅವರು ಬಿಟ್ಟುಕೊಡಬೇಕು. ಕೇಳುವುದು ಹೋಗುವವರು, ಕೊಡುವುದು ಉಳಿಯುವವರು. ಅದಾಗದೆ ಜೆವ್ದೆತ್ ಕೀಲಿ ತಿರುಗಿಸುವವನೇ ಅಲ್ಲ. ಆ ರಸ್ತೆಯಲ್ಲಿ ಪ್ರತಿ ಬೇಸಿಗೆ ಗುರುತಿನವರು ಯಾರಾದರೊಬ್ಬರು ಲಾರಿಯ ಕೆಳಗೆ ಹೋಗುತ್ತಿದ್ದರು. ಅವನಿಗೆ ಟೈರಿನ ಗಾಳಿಗಿಂತ ಹಲಾಲ್‌ನ ಮೇಲೆ ಹೆಚ್ಚು ನಂಬಿಕೆ.

ಹಾಜೆರ್‌ಗೆ ನಂಬಿಕೆಯಿಲ್ಲವೆಂದಲ್ಲ. ನಾಜ್ಮಿಯೆಯ ಬಾಯಿಯ ಭಯ ಅದಕ್ಕಿಂತ ದೊಡ್ಡದಾಗಿತ್ತು.

ಹಿಂದೆ ಗಂಡ ಹೆಂಡತಿ ಇಬ್ಬರೂ ಜರ್ಮನಿಗೆ ದುಡಿಯಲು ಬಂದಾಗ ಮಗಳು ಎಲ್ಮಾಸ್ ಆಗಷ್ಟೇ ಹಾಲು ಬಿಟ್ಟಿದ್ದಳು. ಅವಳನ್ನು ಕಾಯ್ಸೆರಿ ಪಕ್ಕದ ಊರಿನಲ್ಲಿ ನಾಜ್ಮಿಯೆಯ ಮಡಿಲಿಗೆ ಹಾಕಿ ಬಂದರು. ಮಗು ಅಲ್ಲೇ ಮಾತು ಕಲಿತಳು, ನಾಜ್ಮಿಯೆಯನ್ನೇ ಅಮ್ಮ ಅಂದಳು. ರಜೆಗೆ ಹೋದ ಹಾಜೆರ್ ಚಾಕೊಲೇಟು ಹಿಡಿದು ಕರೆದರೆ ಅತ್ತೆಯ ಲಂಗದ ಹಿಂದೆ ಅಡಗುತ್ತಿದ್ದಳು. ಏಳು ವರ್ಷ ತುಂಬಿದಾಗ ಹಾಜೆರ್ ಅವಳನ್ನು ಕರೆದುಕೊಂಡು ಬಂದಳು. ಕರೆದುಕೊಂಡು ಬಂದಳು ಅನ್ನುವುದಕ್ಕಿಂತ ಎತ್ತಿಕೊಂಡು ಬಂದಳು ಅನ್ನಿ. ನಾಡಿದ್ದು ಹೊರಡುವುದು ಎಂದು ನಾಜ್ಮಿಯೆಗೆ ಹೇಳಿ, ಮಾರನೆಯ ನಸುಕಿನಲ್ಲೇ, ನಿದ್ದೆಯಲ್ಲಿದ್ದ ಮಗುವನ್ನು ಕಂಬಳಿ ಸಮೇತ ಗಾಡಿಗೆ ಹಾಕಿದರು. ದಾರಿಯಲ್ಲಿ ಎಚ್ಚರವಾಗಿ ಮಗು "ಅಮ್ಮ ಎಲ್ಲಿ" ಎಂದು ಕಿರುಚಿತು. ಹಾಜೆರ್ ಹೇಳಿದಳು: "ನಿನ್ನತ್ತೆ ಹಾಸಿಗೆಯಿಂದ ಏಳಲೇ ಇಲ್ಲ. ಕರೆದೆ, ಬರಲಿಲ್ಲ. ನಿನ್ನ ನೋಡ್ಕೊಂಡು ನೋಡ್ಕೊಂಡು ಬೇಜಾರಾಗಿತ್ತಂತೆ."

ಆ ಒಂದು ಮಾತಿನ ಮೇಲೆ ಹಾಜೆರ್ ತಾಯಿಯಾದಳು. ಎಲ್ಮಾಸ್ ಈಗ ಹತ್ತೊಂಬತ್ತರ ಹುಡುಗಿ. ಚಳಿಗಾಲದಲ್ಲಿ ನಾಜ್ಮಿಯೆ ಬಂದಿಳಿದಾಗ ಕೈಗೆ ಮುತ್ತಿಟ್ಟು, ಹಣೆಗೆ ಒತ್ತಿಕೊಂಡು, ಆಚೆ ಕೋಣೆಗೆ ಹೋಗಿ ಕೂತಿದ್ದಳು. ಹಿಂದೆ ಬೇಸಿಗೆ ರಜೆಗೆ ಊರಿಗೆ ಹೋದಾಗಲೂ ಹಾಗೇ, ಆಮೇಲೂ ಅಷ್ಟೇ. ಇಬ್ಬರೇ ಕೂರುವ ಪ್ರಸಂಗ ಬಾರದಂತೆ ಹಾಜೆರ್ ಕಾವಲಿದ್ದಳು. ಹುಡುಗಿ ತನ್ನನ್ನು ಮರೆತೇಬಿಟ್ಟಿದೆ ಎಂದು ನಾಜ್ಮಿಯೆ ತಿಳಿದಿದ್ದಳು. ತಿಳಿದುಕೊಳ್ಳಲಿ! ಹಳ್ಳಿಯ ಮುದುಕಿ, ಬಸ್ಸಿನ ಟಿಕೆಟ್ ಕೊಳ್ಳಲು ಬಾರದವಳು, ಮಸಾಲೆ ವಾಸನೆಯ ಸ್ವೆಟರಿನವಳು. ಹಾಜೆರ್‌ಗೆ ಅವಳು ಕಾಲ ಕಸಕ್ಕೆ ಸಮ. ಹಾಗೆಂದು ದಿನಾ ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು.

ಆದರೆ ಬೀಳ್ಕೊಡುವ ಹೊತ್ತು ಕೆಟ್ಟದ್ದು. ಬಾಗಿಲಲ್ಲಿ ನಿಂತ ಜನಕ್ಕೆ ಹಳೆಯ ಬಾಗಿಲುಗಳ ನೆನಪೆಲ್ಲ ಬರುತ್ತದೆ.

"ಅತ್ತಿಗೇ..." ರಿಫ್ಕಿಯ ಹೆಂಡತಿ ಸೆವಿಮ್ ಬಂದು ಕೊರಳಿಗೆ ಬಿದ್ದಳು. ಇವಳು ಅಳಬೇಕಾದರೆ ಹೋಗುತ್ತಿರುವವರು ಯಾರೆಂದು ನೋಡುವವಳಲ್ಲ. ಪಕ್ಕದ ಮನೆಯ ನಾಯಿಯನ್ನು ಡಾಕ್ಟರ ಹತ್ತಿರ ಒಯ್ದಾಗಲೂ ಅತ್ತಿದ್ದಳು.

"ಬಿಡೇ, ಸ್ಕಾರ್ಫ್ ಒದ್ದೆಯಾಯ್ತು. ನಿನ್ನ ಹಕ್ಕು ಹಲಾಲ್ ಮಾಡು."

"ಹಲಾಲ್ ಆಗ್ಲಿ, ಸಾವಿರ ಸಲ ಹಲಾಲ್ ಆಗ್ಲಿ..."

"ಒಂದ್ಸಲ ಸಾಕು."

ಆಮೇಲೆ ಇಹ್ಸಾನ್ ಮಾವ. ಗಂಡನ ಕಡೆ ದೂರದ ಸಂಬಂಧ. ಜೀವಮಾನದಲ್ಲಿ ಸ್ಟೀರಿಂಗ್ ಮುಟ್ಟಿದವನಲ್ಲ, ಬೆಲ್‌ಗ್ರೇಡಿನ ರಸ್ತೆಯ ಬಗ್ಗೆ ಪ್ರತಿ ವರ್ಷ ಉಪದೇಶ ಕೊಡುವವನು. "ರಾತ್ರಿ ಓಡಿಸ್ಬೇಡ ಜೆವ್ದೆತ್. ಎದುರಿನವನು ನಿದ್ದೇಲಿರ್ತಾನೆ."

"ನೀವು ಮಾತಾಡ್ತಾ ಇದ್ರೆ ಈ ಕಡೆಯವನೂ ನಿದ್ದೆ ಹೋಗ್ತಾನೆ ಮಾವ," ಎಂದಳು ಹಾಜೆರ್. "ನಿಮ್ಮ ಹಕ್ಕು ಹಲಾಲ್ ಮಾಡಿ, ದಾರಿ ಬಿಡಿ."

ಹಗ್ಗ ಬಿಗಿದಾಯಿತು. ಎಲ್ಮಾಸ್ ಹಿಂದಿನ ಸೀಟಿನಲ್ಲಿ ಕೂತಾಯಿತು. ಸೆವಿಮ್ ಬಿಂದಿಗೆ ಹಿಡಿದು ನಿಂತಳು, ವ್ಯಾನು ಹೊರಟ ಕೂಡಲೇ ಹಿಂದಿನಿಂದ ನೀರು ಚೆಲ್ಲಲು. ನೀರಿನ ಹಾಗೆ ಹೋಗಿ ನೀರಿನ ಹಾಗೆ ಬನ್ನಿ ಎಂದು. ಹಾಜೆರ್ ಮುಂದಿನ ಬಾಗಿಲಿಗೆ ಕೈ ಹಾಕಿದಳು. ಇನ್ನೊಂದು ನಿಮಿಷ ಸಿಕ್ಕಿದ್ದರೆ ಸಾಕಿತ್ತು.

"ಅಗೋ, ನಾಜ್ಮಿಯಕ್ಕ!" ಎಂದಳು ಸೆವಿಮ್ ಖುಷಿಯಿಂದ. "ನಿನ್ನೆ ಸಂಜೆ ಅಂಗಡೀಲಿ ಸಿಕ್ಕಿದ್ರು. ಭಾನುವಾರ ಅಂದ್ಕೊಂಡಿದ್ರು ಪಾಪ. ನಾನೇ ಹೇಳ್ದೆ, ಇಲ್ಲಕ್ಕ, ನಾಳೇನೇ ಅಂತ."

ಹಾಜೆರ್ ಸೆವಿಮ್‌ಳ ಮುಖ ನೋಡಿದಳು. ಇಂಥ ದಡ್ಡಿಯ ಕೈಯಲ್ಲಿ ಸಿಕ್ಕಿಬಿದ್ದೆನಲ್ಲ ಎಂದು ಹೊಟ್ಟೆ ಉರಿಯಿತು.

ನಾಜ್ಮಿಯೆ ಮಂಡಿಯನ್ನು ಎಳೆಯುತ್ತ ಬಂದಳು. ಕಂಕುಳಲ್ಲಿ ಬಟ್ಟೆಯ ಗಂಟು, ಅದರಿಂದ ಬಿಸಿ ರೊಟ್ಟಿಯ ವಾಸನೆ. ಏದುಸಿರು. "ಹಾಳು ಒಲೆ, ಗ್ಯಾಸಿಂದು, ಬೇಯಿಸಲ್ಲ ಬೇಯಿಸಲ್ಲ ಅನ್ನುತ್ತೆ. ತಡವಾಯ್ತು. ಸದ್ಯ, ಸಿಕ್ಕಿದ್ರಲ್ಲ!"

"ಮಂಡಿ ನೋವು ಅಂದ್ರು ಅಕ್ಕ?" ಎಂದ ಜೆವ್ದೆತ್.

"ಮಂಡಿ ನೋವು ಯಾವತ್ತಿಲ್ಲ? ಅದಕ್ಕೆ ನಿಮ್ಮನ್ನ ಕಳಿಸೋಕೆ ಬರದೇ ಇರ್ತೀನಾ?"

ಜೆವ್ದೆತ್ ಹೆಂಡತಿಯ ಕಡೆ ನೋಡಿದ. ಹಾಜೆರ್ ಸ್ಕಾರ್ಫಿನ ಗಂಟು ಸರಿಮಾಡಿಕೊಂಡಳು.

ನಾಜ್ಮಿಯೆ ವ್ಯಾನಿನ ಕಿಟಕಿಯ ಹತ್ತಿರ ಹೋಗಿ ಗಂಟನ್ನು ಒಳಗೆ ಚಾಚಿದಳು. ಎಲ್ಮಾಸ್ ಕೈ ನೀಡಲಿಲ್ಲ.

"ಪರವಾಗಿಲ್ವೇ ಅತ್ತೆ," ಎಂದಳು ನಗುತ್ತ. ಅದು ನಗುವಲ್ಲ. "ಈ ಸಲ ಎದ್ದು ಬಂದ್ಯಲ್ಲ."

"ಏನಂದೆ ಮಗಳೇ?"

"ಅವತ್ತು ಏಳೋಕೆ ಆಗಿರಲಿಲ್ವಲ್ಲ. ನನ್ನ ಕರ್ಕೊಂಡು ಹೊರಟಾಗ. ನಿದ್ದೆ ಬಂದಿತ್ತಂತೆ, ಬೇಜಾರೂ ಆಗಿತ್ತಂತೆ. ಇವತ್ತು ಯಾಕೆ ತೊಂದರೆ ತಗೊಂಡೆ?"

ಸೆವಿಮ್ ಕೂಡ ಅಳು ನಿಲ್ಲಿಸಿದಳು. ನಾಜ್ಮಿಯೆ ಕಿಟಕಿಯಿಂದ ಕೈ ತೆಗೆದಳು, ತಿರುಗಿ ಹಾಜೆರಳನ್ನು ನೋಡಿದಳು. ಬೈಯಲಿಲ್ಲ. ಇಷ್ಟು ದಿನ ಅರ್ಥವಾಗದ್ದು ಈಗ ಅರ್ಥವಾದವಳ ಹಾಗೆ ತಲೆಯಾಡಿಸಿದಳು, ಅಷ್ಟೇ.

"ಹೊತ್ತಾಯ್ತು," ಎಂದಳು ಹಾಜೆರ್. "ಅತ್ತಿಗೆ, ನಿಮ್ಮ ಹಕ್ಕು ಹಲಾಲ್ ಮಾಡಿ. ಹೊರಡ್ತೀವಿ." ಭಿಕ್ಷುಕರಿಗೆ ಚಿಲ್ಲರೆ ಎಸೆಯುವ ದನಿಯಲ್ಲಿ ಹೇಳಿದಳು. ತಾನು ಕೇಳುತ್ತಿರುವವಳು ಎಂಬುದನ್ನು ಆ ದನಿ ಮರೆತಿತ್ತು.

"ಮಾಡಲ್ಲ," ಎಂದಳು ನಾಜ್ಮಿಯೆ.

ಇಹ್ಸಾನ್ ಮಾವ "ತೌಬಾ ತೌಬಾ" ಎಂದು ಕೆನ್ನೆ ಮುಟ್ಟಿಕೊಂಡ. ದಾರಿಗೆ ಹೊರಟು ನಿಂತವರಿಗೆ ಇಲ್ಲವೆಂದವರನ್ನು ಆ ಬೀದಿ ಕಂಡಿರಲಿಲ್ಲ. ಜೆವ್ದೆತ್ ಗಾಡಿಯ ಕೀಲಿಯನ್ನು ಜೇಬಿಗೆ ಹಾಕಿಕೊಂಡ.

"ಮಾಡದಿದ್ರೆ ಬಿಡಿ! ನಿಮ್ಮ ಹಲಾಲ್ ಕಟ್ಕೊಂಡು ಏನಾಗಬೇಕು ನಂಗೆ? ನಡೀರಿ, ಗಾಡಿ ಹೊರಡಿಸಿ."

"ನಾನು ಹೊರಡಿಸಲ್ಲ," ಎಂದ ಜೆವ್ದೆತ್ ನೆಲ ನೋಡುತ್ತ. "ಇದು ಅಕ್ಕನ ಹಕ್ಕು. ಹಿಂದಿನ ಸೀಟಲ್ಲಿ ಮಗಳಿದಾಳೆ."

"ಅಬ್ಬಬ್ಬಾ, ಬಾಯಿ ಬಂತಾ? ಅವತ್ತು ಗಾಡಿ ಓಡಿಸಿದೋರು ಯಾರು, ನಾನಾ?"

ಆಡಿದ ಮೇಲೆ ಗೊತ್ತಾಯಿತು ಏನು ಆಡಿದೆನೆಂದು. ಎಲ್ಮಾಸ್ ವ್ಯಾನಿನ ಬಾಗಿಲು ತೆರೆದು ಕೆಳಗಿಳಿದು ಹಾಜೆರಳ ಮುಂದೆ ನಿಂತಳು. "ಅವತ್ತು ಏನಾಯ್ತು ಅಮ್ಮ?"

"ನಾನು ಹೇಳಲ್ಲ," ಎಂದಳು ನಾಜ್ಮಿಯೆ ಹಾಜೆರ್‌ಗೇ. "ನಾನು ಹೇಳಿದ್ರೆ ಹಳ್ಳಿ ಮುದುಕಿ ಚಾಡಿ ಹೇಳಿದ್ಲು ಅಂತೀಯ. ನೀನೇ ಹೇಳು. ಅವತ್ತು ನಾನು ಎಲ್ಲಿದ್ದೆ ಅಂತ ಈ ಹುಡುಗಿಗೆ ಹೇಳು, ನನ್ನ ಹಕ್ಕು ಈಗಲೇ ಹಲಾಲ್."

ಹಾಜೆರ್ ಸುತ್ತ ನೋಡಿದಳು. ರಿಫ್ಕಿ ಬಾಯಿ ತೆರೆದು ನಿಂತಿದ್ದ. ಮಾವನ ಕಿವಿ ನೆಟ್ಟಗಾಗಿತ್ತು. ಸೆವಿಮ್‌ಳ ಬಿಂದಿಗೆ ಓರೆಯಾಗಿ ನೀರು ಅವಳ ಚಪ್ಪಲಿಯ ಮೇಲೇ ಸುರಿಯುತ್ತಿತ್ತು. ಇವರ ಭಾಷೆಯ ಒಂದು ಮಾತೂ ಅರ್ಥವಾಗದ ಎದುರು ಮನೆಯ ಮುದುಕಿ ಕೂಡ ದಿಂಬಿನಿಂದ ಅರ್ಧ ಹೊರಗೆ ಬಂದಿದ್ದಳು. ಥೂ, ಇಂಥವರ ಮುಂದೆ! ಈ ಜನ ಮುಂದಿನ ಬೇಸಿಗೆವರೆಗೆ ಚಹಾದ ಜೊತೆ ಇದನ್ನೇ ನಂಜಿಕೊಳ್ಳುತ್ತಾರೆ. ಸುಳ್ಳು ಹೇಳಲು ನಾಲಿಗೆ ತಿರುಗಿಸಿದಳು. ಆದರೆ ಎಲ್ಮಾಸ್ ಕಣ್ಣು ಮಿಟುಕಿಸದೆ ಅವಳನ್ನೇ ನೋಡುತ್ತಿದ್ದಳು, ಚಾಕೊಲೇಟು ಹಿಡಿದು ಕರೆದಾಗ ಲಂಗದ ಹಿಂದಿನಿಂದ ನೋಡುತ್ತಿದ್ದಳಲ್ಲ, ಥೇಟ್ ಹಾಗೆ.

"ತಂದೂರಿ ಒಲೆ ಮುಂದೆ ಇದ್ಲು," ಎಂದಳು ಹಾಜೆರ್. "ಊರಿಗೆಲ್ಲ ಒಂದೇ ಒಲೆ. ಮನೆಯಿಂದ ದೂರ. ನಿನ್ನ ದಾರಿಗೆ ಅಂತ ರೊಟ್ಟಿ ಸುಡೋಕೆ ಹೋಗಿದ್ಲು. ಮಾರನೇ ದಿನಕ್ಕೆ."

"ಮಾರನೇ ದಿನಕ್ಕೆ ಯಾಕೆ?"

"ಮಾರನೇ ದಿನ ಹೊರಡೋದು ಅಂತ ನಾನೇ ಹೇಳಿದ್ದೆ."

"ಮತ್ತೆ ಕರೆದೆ, ಏಳಲಿಲ್ಲ ಅಂದಿದ್ದು?"

"ಕರೀಲಿಲ್ಲ. ಅವಳ ಕೈ ಬಿಡಿಸಿಕೊಂಡು ನೀನು ಬರ್ತಿರಲಿಲ್ಲ ಕಣೇ! ಹೆತ್ತಿದ್ದು ನಾನು!"

ಕೊನೆಯ ಮಾತು ಕಿರುಚಾಟವಾಯಿತು.

"ಹಲಾಲ್ ಆಗ್ಲಿ," ಎಂದಳು ನಾಜ್ಮಿಯೆ, ಹಾಜೆರಳ ಮುಖವನ್ನೂ ನೋಡದೆ. ಇಷ್ಟು ಹೊತ್ತು ತಡೆಹಿಡಿದದ್ದನ್ನು ಹೀಗೆ ಅಗ್ಗವಾಗಿ ಕೊಟ್ಟದ್ದು ಹಾಜೆರ್‌ಗೆ ಕೆನ್ನೆಗೆ ಹೊಡೆದದ್ದಕ್ಕಿಂತ ಹೆಚ್ಚು ಉರಿಯಿತು.

ಎಲ್ಮಾಸ್ ಅತ್ತೆಯ ಕೈ ಹಿಡಿದು ಮುತ್ತಿಟ್ಟಳು, ಹಣೆಗೆ ಒತ್ತಿಕೊಂಡಳು. ಈ ಸಲ ಕೈಯನ್ನು ಹಣೆಯಿಂದ ತೆಗೆಯಲಿಲ್ಲ. "ನಿನ್ನ ಹಕ್ಕು ಹಲಾಲ್ ಮಾಡಮ್ಮ."

ಅಮ್ಮ. ಎಲ್ಲರೂ ಕೇಳಿಸಿಕೊಂಡರು.

"ನಿನ್ನ ಮೇಲೆ ನಂಗೆಂಥ ಹಕ್ಕು ಮಗಳೇ. ತಗೋ, ಬಿಸಿ ಆರೋಗುತ್ತೆ." ನಾಜ್ಮಿಯೆ ಗಂಟನ್ನು ಅವಳ ಮಡಿಲಿಗೆ ತುರುಕಿದಳು. ಆಮೇಲೆ ಸೆವಿಮ್‌ಳ ಕೈಯಿಂದ ಬಿಂದಿಗೆ ಕಿತ್ತುಕೊಂಡಳು. "ಕೊಡೇ ಇಲ್ಲಿ. ಇದು ನಾನು ಚೆಲ್ಲಬೇಕು. ಅವತ್ತು ಓಡಿ ಬಂದಾಗ ಧೂಳು ಬಿಟ್ರೆ ಏನೂ ಇರಲಿಲ್ಲ."

ಬಿಂದಿಗೆಯ ತಳದಲ್ಲಿ ಉಳಿದಿದ್ದ ಒಂದಿಷ್ಟು ನೀರು ವ್ಯಾನಿನ ಹಿಂದೆ ಬಿತ್ತು. ಬೀದಿಯವರು ಕೈ ಬೀಸಿದರು. ಹಾಜೆರ್ ಬೀಸಲಿಲ್ಲ. ತಿರುವು ದಾಟುವವರೆಗೂ ಮನಸ್ಸಿನಲ್ಲೇ ಅವರನ್ನೆಲ್ಲ ಒಬ್ಬೊಬ್ಬರಾಗಿ ಬೈದಳು: ಹೊಲಿಗೆ ಯಂತ್ರದವನನ್ನು, ಅಳುಬುರುಕಿಯನ್ನು, ಬೆಲ್‌ಗ್ರೇಡಿನ ಪಂಡಿತನನ್ನು. ಪಕ್ಕದಲ್ಲಿ ಕೂತ ಗಂಡನನ್ನು ಎರಡು ಸಲ ಬೈದಳು.

ಹೆದ್ದಾರಿಗೆ ಬಂದಾಗ ಹಿಂದಿನ ಸೀಟಿನಲ್ಲಿ ಗಂಟು ಬಿಚ್ಚಿದ ಸದ್ದಾಯಿತು. ಎಳ್ಳು ಹಚ್ಚಿದ ರೊಟ್ಟಿಯ ವಾಸನೆ ವ್ಯಾನಿನ ತುಂಬ ಹರಡಿತು. ಆತುರದಲ್ಲಿ ಹಾಜೆರ್ ಬೆಳಗ್ಗೆಯಿಂದ ಬಾಯಿಗೆ ಏನೂ ಹಾಕಿರಲಿಲ್ಲ. ಹೊಟ್ಟೆ ಚುರುಗುಟ್ಟಿತು. ಏನೂ ಆಗದವಳ ಹಾಗೆ, ಹಿಂದೆ ತಿರುಗದೆ, ಕೈ ಚಾಚಿದಳು.

"ಒಂದು ಚೂರು ಕೊಡೇ."

ಕೈ ಚಾಚಿದ್ದು ಚಾಚಿದಂತೆಯೇ ಇತ್ತು. ಕೊನೆಗೆ ಅವಳು ಕನ್ನಡಿಯಲ್ಲಿ ನೋಡಿದಳು. ಎಲ್ಮಾಸ್ ರೊಟ್ಟಿ ಅಗಿಯುತ್ತ ಆ ಕೈಯನ್ನು ನೋಡಿ ಮೂಗು ಮುರಿದಳು. ಹಾಗೆ ಮೂಗು ಮುರಿಯುವುದು ನಾಜ್ಮಿಯೆಗೆ ಬರುತ್ತಿರಲಿಲ್ಲ. ಅದು ಹಾಜೆರಳದೇ.

"ಇದು ನನ್ನ ದಾರಿಗೆ ಅಂತ ಸುಟ್ಟಿದ್ದು," ಎಂದಳು ಮಗಳು.

ಹಾಜೆರ್ ಕೈ ಹಿಂದಕ್ಕೆಳೆದು ಮಡಿಲಲ್ಲಿಟ್ಟುಕೊಂಡಳು. ಆಸ್ಟ್ರಿಯಾದ ಗಡಿ ಇನ್ನೂ ಬಹಳ ದೂರವಿತ್ತು.