ಮೂವತ್ತಕ್ಕೆ ತೆರೆಯದ ಬಾಗಿಲು

ಹಸಿರು ಚುಕ್ಕೆ ಹಳದಿಯಾಯಿತು, ಹಳದಿಯ ನಡುವೆ ಕೆಂಪು, ಬೆಟ್ಟದ ನೆತ್ತಿಯ ಮೇಲೇ, ಲೊರಿಂಡಾ ಕಣ್ಣುಜ್ಜಿಕೊಂಡಳು, ಉಜ್ಜಿದರೂ ಹವಾಮಾನ ಕಚೇರಿಯ ರಾಡಾರ್ ಪರದೆಯ ಕೆಂಪು ಕರಗಲಿಲ್ಲ — ಬೆಳಿಗ್ಗೆ ಗುಡುಗುಮಳೆಗೆ ಮೂವತ್ತು ಪ್ರತಿಶತ ಎಂದು ಬರೆದವಳು ಅವಳೇ, ಸುಳ್ಳಲ್ಲ, ದಕ್ಷಿಣಕ್ಕೆ ಗಡಿಯಾಚೆಯ ಸೊನೋರಾದಿಂದ ತೇವ ಬಂದಿರಲಿಲ್ಲ, ಈ ಮರಳುಗಾಡಿನ ಜುಲೈ ಮೋಡ ಮಧ್ಯಾಹ್ನ ಹುಟ್ಟಿ ಸಂಜೆಗೆ ಸಾಯುವಂಥದು, ಎಲ್ಲಿ ಒಡೆಯುತ್ತೇನೆಂದು ಅದಕ್ಕೇ ಗೊತ್ತಿರುವುದಿಲ್ಲ, ಅದರ ದಾರಿ ಕಾದು ಕಾದು ಕಣ್ಣೊಳಗೇ ಮರಳು ತುಂಬಿದೆ — ಆದರೆ ಗಡಿಗೋಡೆಯವರ ನಿಯಮಕ್ಕೆ ಐವತ್ತು ಬೇಕು, ಐವತ್ತಾದರೆ ಹಳ್ಳಕ್ಕೆ ಅಡ್ಡ ನಿಂತ ಗೋಡೆಯ ಕಬ್ಬಿಣದ ಬಾಗಿಲು ತೆರೆಯುತ್ತಾರೆ, ಇಲ್ಲವಾದರೆ ಸಲಾಕೆಗಳಿಗೆ ಮುಳ್ಳುಕೊಂಬೆ ಸಿಕ್ಕಿಕೊಂಡು ನೀರು ಹಿಂದಕ್ಕೆ ತಿರುಗುತ್ತದೆ, ಮೂಲನಿವಾಸಿ ಓಧಮ್ ಜನರ ಹಳ್ಳಿಗೆ, ಅವಳು ಹುಟ್ಟಿದ ಹಳ್ಳಿಗೆ, ಚಿಕ್ಕಮ್ಮ ಅರ್ನೆಸ್ಟೀನಳ ಅಂಗಳಕ್ಕೆ — ಮುಚ್ಚಿದ ಬಾಗಿಲು — ಹೋದ ವಾರ ಐವತ್ತೈದು ಬರೆದಿದ್ದಳು, ಹನಿ ಬೀಳಲಿಲ್ಲ, ನಿಮ್ಮವರಿಗೋಸ್ಕರ ಅಂಕಿ ಏರಿಸ್ತೀರೇನ್ರೀ ಎಂದ ಮೇಲಧಿಕಾರಿ, ಅದಕ್ಕೇ ಇವತ್ತು ಉಪಕರಣ ಹೇಳಿದ್ದನ್ನೇ ಬರೆದಳು, ನಿಜ ಬರೆದೂ ಬರೆದೂ ಸುಸ್ತು, ಕಳ್ಳಿಹಣ್ಣಿನ ಮದ್ಯ ಕುಡಿದು ಊರೆಲ್ಲ ಹಾಡಿ ಮಳೆ ಕರೆದ ದಿನ ಚಿಕ್ಕಮ್ಮ ಬಟ್ಟಲು ಚಾಚಿದ್ದಳು, ಕುಡಿಯೇ ಮಗಳೇ, ನಾವು ಬಾ ಅಂತೀವಿ, ನೀನು ಬರಲ್ಲ ಅಂತ ಬರಿ, ಯಾರ ಮಾತು ಕೇಳ್ಬೇಕು ಅಂತ ಮೋಡವೇ ತಲೆ ಕೆಡಿಸಿಕೊಳ್ಳಲಿ — ಕರೆದ ಅತಿಥಿ ಬಂದಾಗ ಬಾಗಿಲು ಹಾಕಿಕೊಳ್ಳುವ ಜನವಲ್ಲ ನಾವು, ಆದರೆ ಬಾಗಿಲು ನಮ್ಮದಲ್ಲ, ಬೀಗ ನಮ್ಮದಲ್ಲ, ಮುಳುಗುವ ನೆಲ ಮಾತ್ರ ನಮ್ಮದು — ಗೋಡೆಯ ಕಚೇರಿಗೆ ಫೋನು ಮಾಡಿದಳು, ಬೆಳಿಗ್ಗೆ ನೀವೇ ಮೂವತ್ತು ಅಂದ್ರಲ್ಲ ಮೇಡಂ, ಈಗ ತೊಂಬತ್ತು ಅಂತಿದ್ದೀನಿ, ಬೀಗದ ಕೈ ಕಂಟ್ರಾಕ್ಟರ್ ಹತ್ರ ಇದೆ, ಅವರು ಪಟ್ಟಣದಿಂದ ಬರ್ಬೇಕು, ಎರಡು ಗಂಟೆ ಆಗುತ್ತೆ, ಹಾಗಾದರೆ ಮೋಡಕ್ಕೆ ಹೇಳಲೇ ಎರಡು ಗಂಟೆ ತಡ್ಕೋ ಅಂತ — ಫೋನಿಟ್ಟು ಪ್ರವಾಹದ ಎಚ್ಚರಿಕೆ ಕಳಿಸಿದಳು, ಎತ್ತರದ ಜಾಗಕ್ಕೆ ಹೋಗಿ, ಊರಿನ ಫೋನುಗಳೆಲ್ಲ ಒಟ್ಟಿಗೆ ಚೀರಿರಬೇಕು, ಮರುಕ್ಷಣ ಚಿಕ್ಕಮ್ಮನ ಕರೆ, ಹಿಂದೆ ನೀರಿನ ಮೊರೆತ, ನೀನೇ ಕಳಿಸಿದ್ದಾ ಇದು, ಹೂಂ ಚಿಕ್ಕಮ್ಮ, ಬೇಗ ಹೊರಡು, ಈ ಮೊಣಕಾಲಲ್ಲಿ ಎಲ್ಲಿಗೇ ಹೊರಡ್ಲಿ, ಇಲ್ಲಿ ಈಗ ಎತ್ತರ ಅಂತ ಇರೋದು ಆ ಗೋಡೆ ಒಂದೇ, ಅದನ್ನೇ ಹತ್ತಲಾ, ಗುಂಡು ಹಾರಿಸ್ತಾರೋ ಏನೋ, ಕೇಳಿ ಹೇಳು, ನಕ್ಕಳು, ನಗು ಅರ್ಧಕ್ಕೇ ನಿಂತಿತು, ಫೋನು ನಿಂತಿತು, ಚಿಕ್ಕಮ್ಮ, ಚಿಕ್ಕಮ್ಮ, ಪರದೆಯ ತುಂಬ ಕೆಂಪು, ಅದರಡಿ ಹಳ್ಳ, ಹಳ್ಳದ ಕೊನೆಗೆ ಮುಚ್ಚಿದ ಬಾಗಿಲು, ಸಲಾಕೆ ಸಲಾಕೆಗೂ ಕೊಂಬೆ, ಕೊಂಬೆಗೆ ಆತು ಏರುತ್ತಿರುವ ಕಂದು ನೀರು, ಮುಚ್ಚಿದ ಬಾಗಿಲು, ಮುಚ್ಚಿದ