ತಂಪು ಕೋಣೆಯ ಸೇಬು

ಟ್ಯುಲಿಪ್ ಗೆಡ್ಡೆ ಹದಿನಾಲ್ಕು ವಾರ ಕತ್ತಲಲ್ಲಿ, ಚಳಿಯಲ್ಲಿ ಮಲಗಿರಬೇಕು. ಆಮೇಲೆ ಬೆಳಕಿಗೆ ತಂದರೆ ಮೂರು ವಾರಕ್ಕೆ ಹೂ. ನಮ್ಮ ಮನೆಯ ನರ್ಸರಿಯಲ್ಲಿ ಇದು ನನಗೊಬ್ಬಳಿಗೇ ಗೊತ್ತಿತ್ತು. ಹೊಸ ಹೋಟೆಲೊಂದರ ಆರಂಭಕ್ಕೆ ಆರುನೂರು ಟ್ಯುಲಿಪ್ ಹೂ ಬೇಕೆಂದು ಬೇಡಿಕೆ ಬಂದಾಗ, ಗಂಡನ ಅಣ್ಣ ಮೊದಲ ಸಲ ನನ್ನ ಕಡೆ ತಿರುಗಿದರು. ಹೇಳಿದ ದಿನಕ್ಕೆ ಅರಳಿದರೆ ಗಾಜಿನ ಮನೆ ಪೂರ್ತಿ ನನ್ನ ಕೈಗೆ ಎಂದರು. ಒಂಬತ್ತು ವರ್ಷ ಅಲ್ಲಿ ಕುಂಡ ತೊಳೆದವಳು ನಾನು.

ತಂಪು ಕೋಣೆಗೆ ದಿನಕ್ಕೆ ಮೂರು ಸಲ ಹೋಗಿ ಉಷ್ಣತೆ ನೋಡಿ ಬರೆದಿಡುತ್ತಿದ್ದೆ. ಭಾವ ನನಗೆ ಥರ್ಮಾಮೀಟರಮ್ಮ ಎಂದು ಹೆಸರಿಟ್ಟರು. ಕೆಲಸದವರೂ ಮುಸಿಮುಸಿ ನಕ್ಕರು.

ಐದನೆಯ ವಾರ ಕೋಣೆಯ ಮೂಲೆಯಲ್ಲಿ ನಾಲ್ಕು ಪೆಟ್ಟಿಗೆ ಸೇಬು ಕಂಡವು. ಜಾಗ ಸುಮ್ಮನೆ ಬಿದ್ದಿದೆಯಲ್ಲ ಎಂದು ಅತ್ತೆ ಇಡಿಸಿದ್ದರು. ಸೇಬಿನಿಂದ ಹೊರಡುವ ಗಾಳಿ ಗೆಡ್ಡೆಯೊಳಗಿನ ಮೊಗ್ಗನ್ನು ಕೊಲ್ಲುತ್ತದೆಂದು ನಾನು ಓದಿದ್ದೆ. ಹಾಗೆಯೇ ಹೇಳಬಹುದಿತ್ತು. ಆದರೆ ಓದಿದವಳೆಂದು ಎಲ್ಲದಕ್ಕೂ ಮೂಗು ತೂರಿಸುತ್ತಾಳೆ ಎಂದು ಹಿಂದಿನ ವಾರವಷ್ಟೇ ಅತ್ತೆ ಎಲ್ಲರೆದುರು ಅಂದಿದ್ದರು. ಎರಡು ದಿನ ಮಾತನ್ನು ಅಳೆದು ಸುರಿದು, ಯಾರಿಗೂ ಚುಚ್ಚದಂತೆ ಜೋಡಿಸಿಕೊಂಡು ಹೋದೆ.

“ಅತ್ತೆ, ಹಣ್ಣಿಗೆ ಅಲ್ಲಿ ಚಳಿ ಜಾಸ್ತಿ ಆಗುತ್ತೇನೋ.”

“ಹಣ್ಣಿನ ಚಿಂತೆ ನಂಗಿರಲಿ. ನೀನು ನಿನ್ನ ಹೂ ನೋಡ್ಕೊಳಮ್ಮ.”

ನೋಡಿಕೊಂಡೆ. ಗೆಡ್ಡೆಯ ತಟ್ಟೆಗಳನ್ನು ಬಾಗಿಲ ಹತ್ತಿರ ಸರಿಸಿದೆ. ಗಾಳಿಯಾಡಲೆಂದು ಬಾಗಿಲು ತೆರೆಯುವುದು, ಒಳಗೆ ಬಿಸಿಯಾಗುತ್ತದೆಂದು ಹೆದರಿ ಮುಚ್ಚುವುದು, ಇದೇ ಆಯಿತು.

ಬೆಳಕಿಗೆ ತಂದಾಗ ಎಲೆಗಳು ಕೊಬ್ಬಿ ಬಂದವು. ಭಾವ ಹೋಟೆಲಿನವರನ್ನು ಕರೆತಂದು ತೋರಿಸಿದರು. ಮೂರನೆಯ ವಾರವೂ ಹೂವಿನ ಸುಳಿವಿಲ್ಲದಾಗ ಎಲೆ ಬಿಡಿಸಿ ನೋಡಿದೆ. ಮೊಗ್ಗು ಈರುಳ್ಳಿ ಸಿಪ್ಪೆಯಂತೆ ಒಣಗಿತ್ತು, ಮುಟ್ಟಿದರೆ ಪುಡಿಯಾಯಿತು. ಮುಂದಿನದರಲ್ಲೂ ಅದೇ. ನಲವತ್ತು ಬಿಡಿಸಿ ನಿಲ್ಲಿಸಿದೆ.

ಹೋಟೆಲಿನವರು ಬೇರೆ ಕಡೆಯಿಂದ ಹೂ ತರಿಸಿಕೊಂಡರು. ಭಾವ ಕೂಗಾಡಲಿಲ್ಲ. ಸೇಬಿನ ವಿಷಯ ಹೇಳಿದೆ, ಈ ಸಲ ನೇರವಾಗಿ. ಅವರು ತಾಯಿಯ ಮುಖ ನೋಡಿ, ಮತ್ತೆ ನನ್ನ ಕಡೆ ತಿರುಗಿದರು.

“ಮೊದಲೇ ಗೊತ್ತಿತ್ತಾ ನಿಂಗೆ?”

“ಗೊತ್ತಿತ್ತು ಭಾವ.”

“ಗೊತ್ತಿದ್ದೂ ಬಾಯಿಗೆ ಬೀಗ ಹಾಕ್ಕೊಂಡಿದ್ಯಾ ಥರ್ಮಾಮೀಟರಮ್ಮ?”

ಗಾಜಿನ ಮನೆಯ ಕೀಲಿ ಓರಗಿತ್ತಿಯ ಸೊಂಟ ಸೇರಿತು. ಅವರಿಗೆ ಟ್ಯುಲಿಪ್ಪೂ ಒಂದೇ, ಈರುಳ್ಳಿಯೂ ಒಂದೇ.

ಮರುದಿನ ನಾನು ಕುಂಡ ತೊಳೆಯುತ್ತಿದ್ದಾಗ ಅತ್ತೆ ತಟ್ಟೆಯಲ್ಲಿ ಸೇಬು ಹೆಚ್ಚಿಕೊಂಡು ಬಂದರು.

“ಮೂರು ತಿಂಗಳಾಯ್ತು, ಒಂದಾದ್ರೂ ಕೆಟ್ಟಿದ್ಯಾ ನೋಡು.”

ಕೈ ಒರೆಸಿಕೊಂಡು ಒಂದು ಹೋಳು ತಿಂದೆ. ನಿಜವಾಗಿಯೂ ಕೆಟ್ಟಿರಲಿಲ್ಲ. ಚೆನ್ನಾಗಿದೆ ಅತ್ತೆ, ಎಂದೆ.