ಹತ್ತರ ಗೆರೆ

ಆಸ್ಪತ್ರೆಯ ಹಾಲಿನ ಕೋಣೆಯಲ್ಲಿ ನಾವು ಐದು ಜನ ತಾಯಂದಿರು ಗೋಡೆಗೆ ಬೆನ್ನು ಕೊಟ್ಟು ಕೂರುತ್ತಿದ್ದೆವು. ಮಕ್ಕಳು ಎದುರಿನ ಕೋಣೆಯಲ್ಲಿ, ಗಾಜಿನ ಪೆಟ್ಟಿಗೆಗಳೊಳಗೆ. ಎಲ್ಲವೂ ತಿಂಗಳು ತುಂಬದೆ ಹುಟ್ಟಿದವು. ಮಾತು ಯಾರದ್ದೇ ಇರಲಿ, ಕಣ್ಣು ಮಾತ್ರ ಪಕ್ಕದವಳ ಬಾಟಲಿಯ ಮೇಲೆ.

ನಾಲ್ಕನೇ ಪೆಟ್ಟಿಗೆಯ ತಾಯಿಗೆ ನಾವು ನಲ್ಲಿಯಕ್ಕ ಎಂದು ಹೆಸರಿಟ್ಟಿದ್ದೆವು. ಅವಳು ಪಂಪ್ ಹಚ್ಚಿಕೊಂಡು ಕತೆ ಶುರು ಮಾಡಿದರೆ, ಕತೆ ಮುಗಿಯುವುದರೊಳಗೆ ಬಾಟಲಿ ತುಂಬಿರುತ್ತಿತ್ತು. ಒಳ್ಳೆಯವಳು, ಅದೇ ನನಗೆ ಸಹಿಸಲಾಗುತ್ತಿರಲಿಲ್ಲ. ನನ್ನ ಪಂಪ್ ನಾಯಿ ನೀರು ನೆಕ್ಕುವಂತೆ ಸದ್ದು ಮಾಡುತ್ತಿತ್ತೇ ಹೊರತು ಬಾಟಲಿಯ ತಳ ಒದ್ದೆಯಾದರೆ ಹೆಚ್ಚು.

ಆ ದಿನ ಬೆಳಿಗ್ಗೆ ಡಾಕ್ಟರು ಬಂದು, ಹನ್ನೆರಡಕ್ಕೆ ನನ್ನ ಮಗಳಿಗೆ ಮೊದಲ ಸಲ ಮೂಗಿನ ನಳಿಕೆಯಲ್ಲಿ ಹಾಲು ಕೊಡೋಣ, ತಾಯಿಯದು ಸಾಕಾಗದಿದ್ದರೆ ಪುಡಿ ಹಾಲು ಎಂದು ಹೇಳಿ ಹೋದರು. ಇಷ್ಟು ಚಿಕ್ಕ ಕರುಳಿಗೆ ಪುಡಿ ಒಗ್ಗುವುದು ಕಷ್ಟ ಎಂದು ಹಿಂದಿನ ದಿನ ಅವರೇ ಹೇಳಿದ್ದರು. ಸಾಕು ಎಂದರೆ ಎಷ್ಟು ಎಂದು ನಾನು ಕೇಳಲಿಲ್ಲ. ಬಾಟಲಿಯ ಮೊದಲ ಗೆರೆ ಹತ್ತು ಎಂ.ಎಲ್.ನದು. ಅದನ್ನೂ ಮುಟ್ಟದವಳು ಎಂಥ ತಾಯಿ ಎಂದು ನಾನೇ ತೀರ್ಪು ಕೊಟ್ಟುಕೊಂಡಿದ್ದೆ. ಹೊರಗಿನ ಬೆಂಚಿನಿಂದ ಅತ್ತೆ ಗಳಿಗೆಗೊಮ್ಮೆ ಎಷ್ಟಾಯಿತು ಎಂದು ವಿಚಾರಿಸುತ್ತಿದ್ದರು. ನಮ್ಮ ಮನೆಯ ಹೆಂಗಸರಿಗೆ ಹಾಲಿನ ಬರ ಬಂದದ್ದೇ ಇಲ್ಲ ಎಂದು ಆಯಾಳಿಗೂ ಹೇಳಿಯಾಗಿತ್ತು.

ಹನ್ನೊಂದೂವರೆಯಾದರೂ ಹಾಲು ಗೆರೆಯ ಕೆಳಗೇ ಇತ್ತು. ಎರಡು ಗಂಟೆ ಒದ್ದಾಡಿದ್ದಕ್ಕೆ ಆರು ಎಂ.ಎಲ್. ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ಫ್ರಿಜ್ ತೆಗೆದೆ. ನಲ್ಲಿಯಕ್ಕನ ಬಾಟಲಿ ಕತ್ತಿನವರೆಗೆ ತುಂಬಿಕೊಂಡು ಮುಂದೆಯೇ ನಿಂತಿತ್ತು. ಕೆರೆಯಿಂದ ಒಂದು ಚೊಂಬು ತೆಗೆದರೆ ಕೆರೆಗೇನು ಎಂದುಕೊಂಡೆ. ಒಂದು ಹನಿಯೂ ಚೆಲ್ಲದಂತೆ ನನ್ನ ಬಾಟಲಿಗೆ ಸುರಿದೆ, ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಹೆಚ್ಚಾದರೆ ಯಾರೂ ನಂಬುವುದಿಲ್ಲವೆಂದು ಹದಿನೆಂಟಕ್ಕೆ ನಿಲ್ಲಿಸಿದೆ. ಬಾಟಲಿಯನ್ನು ಸಿಸ್ಟರ್ ಕೈಗೆ ಕೊಟ್ಟು ಹೊರಗೆ ಬಂದಾಗ ಅತ್ತೆ ನನ್ನ ಬೆನ್ನು ಸವರಿದರು.

ಹನ್ನೆರಡಕ್ಕೆ ಐದು ನಿಮಿಷ ಇರುವಾಗ ಇನ್ನೊಬ್ಬ ನರ್ಸ್ ಬಂದು, ನಾಲ್ಕನೇ ನಂಬರಿನ ಬಾಟಲಿ ಚೆಲ್ಲಿಬಿಡು ಎಂದು ಆಯಾಳಿಗೆ ಹೇಳಿದಳು. ಆ ತಾಯಿಗೆ ಬೆಳಿಗ್ಗೆಯಿಂದ ಹೊಸ ಮಾತ್ರೆ ಶುರುವಾಗಿದೆಯಂತೆ, ಹಾಲಿಗೆ ಇಳಿಯುವಂಥದ್ದು, ಯಾವ ಮಗುವಿಗೂ ಕೊಡಬಾರದಂತೆ.

ನಾನು ಮಕ್ಕಳ ಕೋಣೆಯ ಕಡೆ ತಿರುಗಿದೆ. ಗಾಜಿನಾಚೆ ಸಿಸ್ಟರ್ ಆಗಲೇ ಸಿರಿಂಜಿಗೆ ಹಾಲು ಎಳೆಯುತ್ತಿದ್ದರು. ಬಾಯಿ ಬಿಟ್ಟರೆ ಮಾನ ಹೋಗುತ್ತದೆ, ಬಿಡದಿದ್ದರೆ ಮಗು. ಇದರಲ್ಲಿ ಯೋಚಿಸುವುದೇನಿತ್ತು ಎಂದು ನೀವು ಕೇಳಬಹುದು. ಮೂರು ಉಸಿರಿನಷ್ಟು ಹೊತ್ತು ಯೋಚಿಸಿದೆ. ಆ ಮೂರು ಉಸಿರಿಗಾಗಿ ನನ್ನನ್ನು ನಾನು ಇನ್ನೂ ಕ್ಷಮಿಸಿಲ್ಲ.

ಕೈ ತೊಳೆಯದೆ, ಚಪ್ಪಲಿಯನ್ನೂ ಬಿಡದೆ ಒಳಗೆ ನುಗ್ಗಿ ಸಿಸ್ಟರ್ ಮಣಿಕಟ್ಟು ಹಿಡಿದೆ. ಸಿರಿಂಜನ್ನು ನಳಿಕೆಗೆ ಸೇರಿಸಿದ್ದರು, ಒತ್ತಿರಲಿಲ್ಲ.

"ಕೊಡಬೇಡಿ ಸಿಸ್ಟರ್. ಅದ್ರಲ್ಲಿ ನಾಲ್ಕನೇ ನಂಬರಿನವರ ಹಾಲಿದೆ. ನಾನೇ ಕದ್ದು ಬೆರೆಸಿದ್ದೀನಿ."

ಬಾಗಿಲಲ್ಲಿ ಅತ್ತೆ ನಿಂತಿದ್ದರು, ಅವರ ಹಿಂದೆ ನಲ್ಲಿಯಕ್ಕ. ಸಿಸ್ಟರ್ ಸಿರಿಂಜ್ ಬಿಚ್ಚಿ, ಅದರಲ್ಲಿ ನಿನ್ನದೆಷ್ಟು ಎಂದು ಕೇಳಿದರು. ಆರು ಎಂದೆ. ಹದಿನೆಂಟನ್ನೂ ಸಿಂಕಿಗೆ ಸುರಿದುಬಿಟ್ಟರು. ನನ್ನ ಆರನ್ನು ಬೇರೆ ಮಾಡಿ ಕೊಡಿ ಎಂದು ಬೇಡುವಷ್ಟು ಹುಚ್ಚು ಹಿಡಿದಿತ್ತು ನನಗೆ.

"ನಿನ್ನ ಮಗು ಒಂದು ಸಲಕ್ಕೆ ಕುಡಿಯೋದು ಎರಡೇ ಎಂ.ಎಲ್. ಕಣಮ್ಮ," ಎಂದರು ಸಿಸ್ಟರ್. "ಆರು ಅಂದ್ರೆ ಮೂರು ಹೊತ್ತಿನ ಊಟ."

ಒಂದು ಗಂಟೆಯವರೆಗೆ ಕಾಯುತ್ತೇನೆ, ಆಮೇಲೆ ಪುಡಿಯೇ ಗತಿ ಎಂದು ಹೇಳಿ ಚಿಕ್ಕದೊಂದು ಲೋಟ ಕೊಟ್ಟರು. ಪಂಪ್ ಬೇಡ, ಕೈಯಲ್ಲೇ ಹಿಂಡು ಎಂದರು. ನಲ್ಲಿಯಕ್ಕನ ಮುಖ ನೋಡುವ ಧೈರ್ಯವಿಲ್ಲದೆ ತಲೆ ತಗ್ಗಿಸಿಕೊಂಡು ಹಾಲಿನ ಕೋಣೆಗೆ ಹೋಗಿ ಕೂತೆ. ಎರಡು ಎಂ.ಎಲ್. ಎಂದರೆ ಸುಮಾರು ನಲವತ್ತು ಹನಿ. ಹನ್ನೆರಡು ಐವತ್ತಕ್ಕೆ ನಾನು ಮೂವತ್ತೊಂದನೆಯ ಹನಿಯಲ್ಲಿದ್ದೆ.